ಗಂಟೆಗಿಷ್ಟು

ಮೊದಲು ಬಳೆ ಬಿಚ್ಚಿದೆ.
ಅವ್ವ ಬಾಗಿಲಲ್ಲೇ ತಡೆದಳು:
ಶುಕ್ರವಾರದ ದಿನ ಬರಿಗೈಲಿ ಹೋಯ್ತೀಯಾ?
ಮೊಣಕೈವರೆಗೂ ತೊಳೀಬೇಕವ್ವ,
ಬೆರಳ ಸಂದಿ, ಉಗುರ ತುದಿ, ಹೆಬ್ಬೆರಳ ಬುಡ,
ಅಂದರೆ ಕೇಳಬೇಕಲ್ಲ.
ಕನಕಾಂಬರ ಮುಡಿಸಿಯೇ ಕಳಿಸಿದಳು.
ಆ ವಾರ್ಡಿಗೆ ಹೂವೂ ಕೂಡದು ಅಂತ
ನಾನು ಹೇಳಲಿಲ್ಲ.
ಪಾಂಡವಪುರ ದಾಟಿದ ಮೇಲೆ ತೆಗೆದು
ಪಕ್ಕದ ಸೀಟಿನ ಮಗುವಿಗೆ ಕೊಟ್ಟೆ.

ತೊಡೆಯ ಮೇಲೆ ನೋಟ್ಸು.
ಹೊಸ ಕಿಡ್ನಿಯನ್ನು ಹಳೆಯದರ ಜಾಗದಲ್ಲಿ ಇಡುವುದಿಲ್ಲ,
ಕೆಳಹೊಟ್ಟೆಯ ಬಲಕ್ಕೆ, ಸೊಂಟದ ಮೂಳೆಯ ಮಡಿಲಲ್ಲಿ.
ಹಳೆಯವೆರಡೂ ಇದ್ದಲ್ಲೇ ಇರುತ್ತವೆ, ಸುಮ್ಮನೆ.
ನಿನ್ನೆ ರಾತ್ರಿ ಇದನ್ನು ಅಪ್ಪನಿಗೆ ಓದಿ ಹೇಳಿದ್ದೆ.
ಮೂವತ್ತೊಂದು ವರ್ಷದ ನೀರುಗಂಟಿ,
ಕಾಲುವೆ ಏರಿಯ ಮೇಲೆ ಟಾರ್ಚು ಹಿಡಿದು ನಡೆದವನು,
ಎಲೆಯಡಿಕೆ ಉಗಿದು ಬಂದು ಅಂದ:
ಹಳೇ ಕಾಲ್ವೇನ ಯಾರು ಕಿತ್ತಾಕ್ತಾರೆ ಮಗ,
ಪಕ್ಕದಲ್ಲೇ ಹೊಸ ತೂಬು ಮಡಗ್ತಾರೆ.

ಮಂಡ್ಯದ ಡಯಾಲಿಸಿಸ್ ಕೋಣೆಯಲ್ಲಿ ನಾಲ್ಕು ವರ್ಷ
ನನ್ನದು ನೀರು ಬೇಡ ಅನ್ನುವ ಕೆಲಸ.
ದಿನಕ್ಕೆ ಮುಕ್ಕಾಲು ಲೀಟರು, ಸಾರು ಮಜ್ಜಿಗೆ ಸೇರಿ.
ಮಂಗಳವಾರ, ಗುರುವಾರ, ಶನಿವಾರದ ಶಿವಮಾದು
ಅಂಗೈಯಲ್ಲಿ ಐಸು ತುಂಡು ಇಟ್ಟುಕೊಂಡು
ಬಾಯಿಗೆ ಹಾಕದೆ, ಕರಗುವುದನ್ನೇ ನೋಡುತ್ತಿದ್ದ.
ಒಮ್ಮೆ, ಹೆಂಡತಿ ಆಚೆ ಹೋದಾಗ, ಮೆಲ್ಲಗೆ:
ಸಿಸ್ಟರೇ, ಉಚ್ಚೆ ಹುಯ್ಯೋದು ಹೆಂಗಿರ್ತದೆ ಅನ್ನದೇ
ಮರ್ತೋಗದೆ ಕಣ್ರೀ.
ಇಬ್ಬರೂ ನಕ್ಕೆವು.
ಆಮೇಲೆ ಮಿಷನ್ನು ಕೂಗಿತು, ನಾನು ಅತ್ತ ತಿರುಗಿದೆ.
ಅವನಿಗೆ ಕೊಡುವವರು ಇನ್ನೂ ಸಿಕ್ಕಿಲ್ಲ.
ನಾನು ಬಿಡುವ ದಿನ ಹೇಳಿದ:
ನಡೀರಿ ನಡೀರಿ, ಕಿಟಕಿ ಪಕ್ಕದ ಮಂಚ ನಂಗೆ.

ಮೈಸೂರು. ಪುಟ್ಟತಾಯಮ್ಮ ಸಿಸ್ಟರು.
ಬೆಳಗ್ಗೆ ಎಂಟು, ರಾತ್ರಿ ಎಂಟು, ಮಾತ್ರೆ.
ಎಂಟೂವರೆ ಅಲ್ಲ, ಸೀರಿಯಲ್ ಮುಗಿದ ಮೇಲಲ್ಲ.
ಮೈಯೊಳಗೊಬ್ಬ ಕಾವಲುಗಾರ ಇದ್ದಾನೆ,
ಹೊಸಬರನ್ನು ಕಂಡರೆ ದೊಣ್ಣೆ ಎತ್ತುತ್ತಾನೆ.
ಅವನಿಗೆ ಜೋಂಪು ಹಿಡಿಸಬೇಕು, ನಿದ್ದೆ ಹತ್ತಿಸಬಾರದು.
ಪೂರ್ತಿ ಮಲಗಿದನೋ, ಸಂದಿಯಲ್ಲಿ ಯಾರೋ ಕೆಮ್ಮಿದ್ದೂ ಸಾಕು.
ತೀರ್ಥ ಬೇಡ. ಚಕ್ಕೋತ ಬೇಡ.
ರಕ್ತ ತೆಗೆಯುವ ಮೊದಲೇ ಮಾತ್ರೆ ಕೊಟ್ಟೆಯೋ
ಲೆಕ್ಕವೆಲ್ಲ ಸುಳ್ಳು.
ಬರಕೊಂಡೆ, ನೀಲಿ ಪೆನ್ನು ಮುಗಿದು ಹಸಿರಲ್ಲಿ.

ಪಡೆಯುವವರ ಬಗ್ಗೆ ನಲವತ್ತು ಪುಟ,
ಕೊಡುವವರ ಬಗ್ಗೆ ಒಂದೂವರೆ.
ಈ ಸಲ ಅಕ್ಕ ತಮ್ಮನಿಗೆ ಕೊಡುತ್ತಿದ್ದಾಳಂತೆ.
ನೋಡಲು ಬಂದವರೆಲ್ಲ ತಮ್ಮನ ಗಾಜಿಗೇ ಹಣೆ ಒತ್ತುವರು.
ನೋವು ಅವಳಿಗೇ ಜಾಸ್ತಿ, ಅಂದರು ಪುಟ್ಟತಾಯಮ್ಮ,
ಕಾಯಿಲೆ ಇಲ್ಲದೆ ಮಲಗಿದೋಳು ನೋಡು.
ಮೊದಲ ಪುಟಕ್ಕೆ ವಾಪಸು ಹೋಗಿ
ಅಂಚಿನಲ್ಲಿ ಬರೆದೆ: ಮೊದಲು ಅವಳ ಹೆಸರು ಕೇಳು.

ಬನ್ನಿಮಂಟಪದ ಹಾಸ್ಟೆಲು, ರಾತ್ರಿ ಮೂರು.
ಬೆಳಗಾದರೆ ನನ್ನ ಮೊದಲ ಪಾಳಿ.
ಬಚ್ಚಲಲ್ಲಿ ಅಳತೆಯ ಜಾಡಿಗೆ ನಲ್ಲಿ ನೀರು ಹಿಡಿದೆ.
ಮೇಲಿಂದ ನೋಡಿದರೆ ಇನ್ನೂರು.
ಮಂಡಿಯೂರಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದರೆ
ನೂರಾ ಎಂಬತ್ತು.
ಅಪ್ಪನೂ ಹೀಗೇ, ತೂಬಿನ ಅಳತೆಗಲ್ಲಿನ ಮುಂದೆ
ಲುಂಗಿ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕೂರುತ್ತಿದ್ದ.
ನಿಂತ್ಕೊಂಡು ಅಳೆದ್ರೆ ಕೊನೇ ಗದ್ದೆಯವನಿಗೆ ಮೋಸ, ಅನ್ನುತ್ತಿದ್ದ.
ಗಂಟೆಗೆ ಎಷ್ಟು ಬಂತೋ ಅಷ್ಟನ್ನೂ
ಹನಿಹನಿಯಾಗಿ ವಾಪಸು ಏರಿಸಬೇಕು.
ಬರಲೇ ಇಲ್ಲವಾದರೆ?
ಕೊಳವೆ ಮಡಚಿದೆಯಾ ನೋಡು, ಹಾಸಿಗೆ ಕೆಳಗೂ ನೋಡು,
ಆಮೇಲೆ ಡಾಕ್ಟರನ್ನು ಎಬ್ಬಿಸು,
ಬೈದರೂ ಎಬ್ಬಿಸು.

ಬರೆದೆ: ಮೂರು ಹತ್ತು, ನೂರಾ ಎಂಬತ್ತು.
ಚೆಲ್ಲಿದೆ. ಮತ್ತೆ ಹಿಡಿದೆ.
ಪಕ್ಕದ ರೂಮಿನ ಹುಡುಗಿ ಕದ ತಟ್ಟಿದಳು:
ಯಾರ್ರೀ ಅದು,
ಇಷ್ಟೊತ್ನಲ್ಲಿ ನೀರು ಬಿಡ್ತಿರೋರು?